ಗೋಡೆ ಎಲ್ಲರದು, ಚಿತ್ರ ಯಾರದು?

ನೋಡಲು ಬಂದವರೇ ಕುಂಚ ಹಿಡಿದು ಮುಗಿಸುವ ಗೋಡೆಚಿತ್ರ, ಹತ್ತು ಕೈ ಸೇರಿ ಬಿಡಿಸುವ ರಂಗೋಲಿ, ದಾರಿಹೋಕರು ಸೀಮೆಸುಣ್ಣದಲ್ಲಿ ಬರೆದು ತುಂಬಿಸುವ ಹಲಗೆ, ಇವೆಲ್ಲ ಸಹಭಾಗಿ ಸಾರ್ವಜನಿಕ ಕಲೆಯ ರೂಪಗಳು. ವೃತ್ತದಲ್ಲಿ ನಿಲ್ಲಿಸಿದ ಪ್ರತಿಮೆಯೂ ಸಾರ್ವಜನಿಕ ಕಲೆಯೇ. ಆದರೆ ಅದನ್ನು ಮಾಡುವಾಗ ಸಾರ್ವಜನಿಕರಿಗೆ ಕೆಲಸವಿಲ್ಲ, ಅನಾವರಣದ ದಿನ ಚಪ್ಪಾಳೆ ತಟ್ಟಿದರಾಯಿತು. ಸಹಭಾಗಿ ಕಲೆಯಲ್ಲಿ ಕಲಾವಿದರು ಬೇಕೆಂದೇ ಅರ್ಧಕ್ಕೆ ಕೈಬಿಡುತ್ತಾರೆ, ಉಳಿದರ್ಧ ನೆರೆಹೊರೆಯವರ ಪಾಲು.

ದಕ್ಷಿಣ ಬೆಂಗಳೂರಿಗೆ ಇದು ಹೊಸದೇನಲ್ಲ. ಜಯನಗರ, ಬನಶಂಕರಿ, ಜೆ.ಪಿ. ನಗರದ ಅಡ್ಡರಸ್ತೆಗಳಲ್ಲಿ ಸಂಕ್ರಾಂತಿಗೋ ರಾಜ್ಯೋತ್ಸವಕ್ಕೋ ಗಣೇಶನ ಪೆಂಡಾಲಿನ ಮುಂದೋ ನಡೆಯುವ ರಂಗೋಲಿ ಸ್ಪರ್ಧೆ ಇದರ ಹಳೆಯ ರೂಪ. ಚುಕ್ಕಿ ರಂಗೋಲಿಯ ಲೆಕ್ಕ ನೋಡಿದರೆ ಅದು ಗುಂಪು ಕೆಲಸಕ್ಕೆಂದೇ ಹುಟ್ಟಿತೇನೋ ಅನ್ನಿಸುತ್ತದೆ. '15ರಿಂದ 8, ಸಂದು ಚುಕ್ಕಿ' ಎಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ: ನಡುವಿನ ಸಾಲಿನಲ್ಲಿ 15 ಚುಕ್ಕಿ, ಮೇಲಕ್ಕೂ ಕೆಳಕ್ಕೂ ಸಾಲಿಗೊಂದು ಕಡಿಮೆಯಾಗುತ್ತ 8ಕ್ಕೆ ನಿಲ್ಲಬೇಕು, ಒಂದು ಸಾಲಿನ ಚುಕ್ಕಿ ಪಕ್ಕದ ಸಾಲಿನ ಎರಡು ಚುಕ್ಕಿಗಳ ಸಂದಿನಲ್ಲಿ ಬೀಳಬೇಕು. ಒಟ್ಟು 169 ಚುಕ್ಕಿ, ಆರು ಮೂಲೆಯ ಆಕಾರ. ಆರು ಕಡೆ ಆರು ಜನ ಕುಕ್ಕರುಗಾಲಲ್ಲಿ ಕೂತು ಒಂದೊಂದು ಭಾಗ ಎಳೆದರೂ ಗೆರೆಗಳು ಬಂದು ಕೂಡುತ್ತವೆ. ಬಣ್ಣ ತುಂಬುವುದು ಮಕ್ಕಳಿಗೆ. ಚುಕ್ಕಿ ಇಡುವುದನ್ನು ಮಾತ್ರ ಪಳಗಿದ ಕೈಗೇ ಬಿಡುತ್ತಾರೆ, ಒಂದು ಚುಕ್ಕಿ ತಪ್ಪಿದರೆ ಇಡೀ ರಂಗೋಲಿ ಸೊಟ್ಟಗಾಗುತ್ತದೆ.

ಗೋಡೆಚಿತ್ರದಲ್ಲೂ ನಡೆಯುವುದು ಹೆಚ್ಚುಕಡಿಮೆ ಇದೇ. ಬಣ್ಣ ಹಚ್ಚುವುದು ಭಾನುವಾರವಾದರೆ ಕೆಲಸ ಹಿಂದಿನ ವಾರವೇ ಶುರುವಾಗಿರುತ್ತದೆ. ಹಳೆಯ ಸುಣ್ಣ, ಅಂಟಿದ ಪೋಸ್ಟರು ಕೆರೆಯಬೇಕು, ಬಿರುಕಿಗೆ ಪುಟ್ಟಿ ತುಂಬಬೇಕು, ಪ್ರೈಮರ್ ಹೊಡೆದು ಒಣಗಲು ಬಿಡಬೇಕು. ಕಲಾವಿದರು ಔಟ್‌ಲೈನ್ ಎಳೆದು ಒಂದೊಂದು ಖಾನೆಯಲ್ಲೂ ನಂಬರು ಬರೆಯುತ್ತಾರೆ, ಬಣ್ಣದ ಡಬ್ಬಿಯ ಮೇಲೂ ಅದೇ ನಂಬರು. ಕೈ ನಡುಗುವವರಿಗೆ ಮಾಸ್ಕಿಂಗ್ ಟೇಪು ಅಂಚು ಕಾಯುತ್ತದೆ. ಗೋಡೆಯ ಕೆಳಭಾಗ ಮಕ್ಕಳಿಗೆ, ಏಣಿ ಹತ್ತುವ ಕೆಲಸ ಅಭ್ಯಾಸವಿದ್ದವರಿಗೆ. ಬಳಸುವುದು ನೀರು ಬೆರೆಸಿ ಹಚ್ಚುವ ಎಮಲ್ಷನ್ ಪೇಂಟು, ಅಂಗಿಗೆ ಹತ್ತಿದರೆ ಒಣಗುವ ಮುಂಚೆ ತೊಳೆದುಕೊಳ್ಳಬಹುದು. ಜನ ಮನೆಗೆ ಹೋದಮೇಲೆ ಕಲಾವಿದರು ಅಂಚುಗಳನ್ನು ಮತ್ತೆ ತಿದ್ದುವುದುಂಟು. ಅದನ್ನು ಯಾರೂ ಫೋಟೊ ತೆಗೆಯುವುದಿಲ್ಲ.

ಅಮೆರಿಕದ ಫಿಲಡೆಲ್ಫಿಯಾದಲ್ಲಿ 1984ರಿಂದ ನಡೆದುಬಂದ ಗೋಡೆಚಿತ್ರ ಯೋಜನೆಯಲ್ಲಿ ಇನ್ನೊಂದು ಉಪಾಯವಿದೆ. ಪ್ಯಾರಾಶೂಟಿಗೆ ಬಳಸುವಂಥ ತೆಳು ಬಟ್ಟೆಯ ತುಂಡುಗಳ ಮೇಲೆ ಜನ ಒಳಗೆ ಕೂತು ಬಣ್ಣ ಹಚ್ಚುತ್ತಾರೆ, ಆಮೇಲೆ ಆ ತುಂಡುಗಳನ್ನು ಜೋಡಿಸಿ ಗೋಡೆಗೆ ಅಂಟಿಸುತ್ತಾರೆ. ಮಂಡಿನೋವಿನ ಹಿರಿಯರೂ ಸೇರಿಕೊಳ್ಳಬಹುದು. ಸಂಜೆಯಾದರೆ ಮಳೆ ಹಿಡಿಯುವ ಬೆಂಗಳೂರಿಗೆ ಇದು ಚೆನ್ನಾಗಿಯೇ ಒಗ್ಗೀತು.

ಬೆಂಗಳೂರಿನ ಗೋಡೆಗಳಿಗೆ ದೊಡ್ಡ ಪ್ರಮಾಣದಲ್ಲಿ ಚಿತ್ರ ಬಂದದ್ದು 2009ರಲ್ಲಿ, ಆಗಿನ ನಗರ ಪಾಲಿಕೆಯಾದ ಬಿಬಿಎಂಪಿಯು ಪೋಸ್ಟರುಗಳ ಹಾವಳಿಗೆ ಮದ್ದೆಂದು ಮುಖ್ಯರಸ್ತೆಗಳ ಗೋಡೆಗಳಲ್ಲಿ ಕರ್ನಾಟಕದ ಸ್ಮಾರಕ, ಕಾಡುಪ್ರಾಣಿ, ಜನಪದ ಕಲೆಗಳನ್ನು ಬರೆಸಿದಾಗ. ಸಿನಿಮಾ ಬ್ಯಾನರ್ ಬರೆಯುತ್ತಿದ್ದು, ಫ್ಲೆಕ್ಸ್ ಬಂದಮೇಲೆ ಕೆಲಸ ಕಳೆದುಕೊಂಡಿದ್ದ ಕಲಾವಿದರಿಗೆ ಅದರಿಂದ ಅನ್ನ ಸಿಕ್ಕಿತು. ಗೋಡೆಯ ಪಕ್ಕದ ನಿವಾಸಿಗಳಿಗೆ ಮಾತ್ರ ಅದರಲ್ಲಿ ಪಾತ್ರವಿರಲಿಲ್ಲ. ಅವರ ಕೈಗೆ ಕುಂಚ ಕೊಟ್ಟದ್ದು 2010ರಲ್ಲಿ ಶುರುವಾದ 'ದಿ ಅಗ್ಲಿ ಇಂಡಿಯನ್'. ಹೆಸರು ಹೇಳಿಕೊಳ್ಳದ ಈ ನಾಗರಿಕರ ಗುಂಪು ಕಸ ಸುರಿಯುವ ಜಾಗ ಗುಡಿಸಿ ಗೋಡೆಗೆ ಕಾವಿ ಬಣ್ಣದ ಪಟ್ಟಿ ಬಳಿಯಿತು, ಫ್ಲೈಓವರ್ ಕಂಬಗಳ ಮೇಲೆ ತ್ರಿಕೋನಗಳನ್ನು ಬಿಡಿಸಿತು. ತ್ರಿಕೋನ ತುಂಬಲು ಚಿತ್ರಕಲೆ ಬರಬೇಕಿಲ್ಲ. ಟೆಕ್ಕಿಯೂ ಶಾಲಾಹುಡುಗಿಯೂ ಬಳಿದದ್ದು ಒಂದೇ ಥರ ಕಾಣುತ್ತದೆ.

ಇಲ್ಲೊಂದು ಪೇಚಿದೆ. ಬೇರೆಯವರು ನಿಶ್ಚಯಿಸಿದ ಖಾನೆಗೆ ಬೇರೆಯವರು ಆರಿಸಿದ ಬಣ್ಣ ತುಂಬುವುದು ಪಾಲ್ಗೊಂಡಂತೆ ಆಯಿತೇ? ಅಮೆರಿಕದ ಶೆರಿ ಆರ್ನ್‌ಸ್ಟೀನ್ 1969ರಲ್ಲಿ ನಾಗರಿಕರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ವಿಂಗಡಿಸಿದರು. ತಳದಲ್ಲಿರುವುದು ಬರೀ ತೋರಿಕೆ, ತುದಿಯಲ್ಲಿ ನಿರ್ಧಾರವೇ ನಾಗರಿಕರ ಕೈಯಲ್ಲಿ. ನಗರ ಯೋಜನೆಗೆಂದು ಹೇಳಿದ ಮಾತು, ಆದರೂ ಗೋಡೆಚಿತ್ರಕ್ಕೂ ಸಲ್ಲುತ್ತದೆ. ಕಾರ್ಪೊರೇಟ್ ಕಂಪನಿಗಳು ಒಂದು ಬೆಳಗಿನ ಮಟ್ಟಿಗೆ ನೌಕರರನ್ನು ಬಸ್ಸಿನಲ್ಲಿ ಕರೆತಂದು ಬಣ್ಣ ಹೊಡೆಸುವುದು ಕೆಳಗಿನ ಮೆಟ್ಟಿಲೇ ಸರಿ, ಗೋಡೆ ಚೊಕ್ಕಟವಾಗುತ್ತದೆಂಬುದು ನಿಜವಾದರೂ.

ಮೇಲಿನ ಮೆಟ್ಟಿಲಿಗೆ ಬೆಂಗಳೂರಿನಲ್ಲೇ ಉದಾಹರಣೆ ಇದೆ. 2016ರಲ್ಲಿ ಪೂರ್ಣಿಮಾ ಸುಕುಮಾರ್ ಆರಂಭಿಸಿದ ಅರವಾಣಿ ಆರ್ಟ್ ಪ್ರಾಜೆಕ್ಟ್‌ನಲ್ಲಿ ಟ್ರಾನ್ಸ್ ಮಹಿಳೆಯರು ಬಣ್ಣ ಬಳಿಯುವವರಷ್ಟೇ ಅಲ್ಲ, ಗೋಡೆಯ ಮೇಲೆ ಮೂಡುವುದು ಅವರದೇ ಮುಖ, ಅವರದೇ ಬದುಕು. ಲಾಸ್ ಏಂಜಲೀಸ್‌ನಲ್ಲಿ ಜೂಡಿ ಬಾಕಾ 1976ರಿಂದ ನೂರಾರು ಹುಡುಗ ಹುಡುಗಿಯರೊಡನೆ ನಾಲೆಯ ಗೋಡೆಯುದ್ದಕ್ಕೂ ಬರೆಸಿದ ಚಿತ್ರಮಾಲೆ ಅರ್ಧ ಮೈಲಿಯಷ್ಟು ಉದ್ದವಿದೆ. ಪಠ್ಯಪುಸ್ತಕದಲ್ಲಿ ಜಾಗ ಸಿಗದ ಸಮುದಾಯಗಳ ಚರಿತ್ರೆ ಅದರ ವಸ್ತು. ಇಂಥ ಕೆಲಸಕ್ಕೆ ಹಬ್ಬದ ಒಂದು ದಿನ ಸಾಲದು. ಮೊದಲು ನೆರೆಹೊರೆಯವರನ್ನು ಕೂರಿಸಿಕೊಂಡು ಕೇಳಬೇಕು, ಕರಡು ತೋರಿಸಬೇಕು, ಬೇಡವೆಂದರೆ ಬದಲಿಸಬೇಕು. ಬಿ.ಟಿ.ಎಂ. ಬಡಾವಣೆಯ ಹೆಸರಿನಲ್ಲೇ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳಿವೆ. ಈಗ ಅಲ್ಲಿ ಪಿ.ಜಿ.ಗಳಲ್ಲಿ ಉಳಿದುಕೊಳ್ಳುವ ಹೊರಗಿನವರೂ ತುಂಬಿದ್ದಾರೆ. ಹಳೆಯ ಊರಿನವರನ್ನೂ ಇವರನ್ನೂ ಒಂದೇ ಮೇಜಿಗೆ ಕರೆಯದೆ ಅಲ್ಲಿನ ಗೋಡೆಗೆ ವಸ್ತು ಆರಿಸುವುದು ಕಷ್ಟ.

ಎಲ್ಲ ಕಲೆಯೂ ಇಷ್ಟು ಭಾರ ಹೊರಬೇಕಿಲ್ಲ ಅನ್ನಿ. ಜಪಾನಿನ ಯಾಯೋಯಿ ಕುಸಾಮಾ 2002ರಲ್ಲಿ ಬ್ರಿಸ್ಬೇನ್‌ನಲ್ಲಿ ಒಂದು ಕೋಣೆಯನ್ನೂ ಅದರ ಪೀಠೋಪಕರಣವನ್ನೂ ಬಿಳಿಯಾಗಿಸಿ ಮಕ್ಕಳ ಕೈಗೆ ಬಣ್ಣದ ಚುಕ್ಕಿ ಸ್ಟಿಕ್ಕರ್ ಕೊಟ್ಟರು. ಅಂಟಿಸುತ್ತ ಅಂಟಿಸುತ್ತ ಕೋಣೆಯೇ ಚುಕ್ಕಿಗಳಲ್ಲಿ ಮುಳುಗಿತು. ನಮ್ಮ ಮೇಳಗಳಲ್ಲಿ ಬೋಳು ಮರದ ಚಿತ್ರಕ್ಕೆ ಬಂದವರೆಲ್ಲ ಹೆಬ್ಬೆಟ್ಟೊತ್ತಿ ಎಲೆ ಮೂಡಿಸುವುದು ಇದೇ ಜಾತಿಯದು. ಐದು ನಿಮಿಷದ ಕೆಲಸ, ಸರದಿಯಲ್ಲಿ ನಿಂತವರಿಗೂ ಬೇಸರವಿಲ್ಲ.

ಚಿತ್ರ ಮುಗಿದಮೇಲೆ ಅದರ ಉಸ್ತುವಾರಿ ಯಾರದು? ಈ ಮಾತು ಬಂದಾಗ ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆಯನ್ನು ನೆನೆಯಬೇಕು. ಅದು ಕಲಾಕೃತಿಯಲ್ಲ. ಆದರೆ ಅಕ್ಕಪಕ್ಕದವರೇ ಕಟ್ಟಿಕೊಂಡ ಟ್ರಸ್ಟ್ 2011ರಲ್ಲಿ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಕೆರೆಯ ನಿರ್ವಹಣೆ ವಹಿಸಿಕೊಂಡಿತು. ಗೋಡೆಚಿತ್ರಗಳಿಗೆ ಇಂಥ ಒಪ್ಪಂದ ಅಪರೂಪ. ಗೋಡೆಯೊಳಗೆ ತೇವ ಹತ್ತಿದರೆ ಬಣ್ಣ ಗುಳ್ಳೆಯೆದ್ದು ಉದುರುತ್ತದೆ, ಮತ್ತೆ ಬಳಿಯುವವರು ಯಾರೆಂದು ಯಾರೂ ಬರೆದಿಟ್ಟಿರುವುದಿಲ್ಲ.

ಬರೆಸಿಕೊಳ್ಳಲೇಬೇಕಾದ ಇನ್ನೊಂದು ಕಾಗದ ಅನುಮತಿಯದು. 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕರಿಗೆ ಕಾಣುವ ಗೋಡೆಯ ಮೇಲೆ ಬರೆಯುವುದು, ಬಳಿಯುವುದು ಅಪರಾಧ. ಚಿತ್ರ ಚೆಂದವಿದೆ ಎಂಬುದು ಅನುಮತಿಗೆ ಬದಲಾಗುವುದಿಲ್ಲ. ಮೆಟ್ರೊ ಕಂಬಕ್ಕಾದರೆ ಮೆಟ್ರೊ ನಿಗಮವನ್ನು, ವಿದ್ಯುತ್ ಪೆಟ್ಟಿಗೆಗಾದರೆ ಬೆಸ್ಕಾಂ ಅನ್ನು ಕೇಳಬೇಕು. ಉದ್ಯಾನದ ಕಾಂಪೌಂಡಿಗೆ ಪಾಲಿಕೆಯೇ ಗತಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳು ಬಂದಿರುವುದರಿಂದ ಜಯನಗರ, ಬಿ.ಟಿ.ಎಂ. ಕಡೆಯವರು ಈಗ ಅರ್ಜಿ ಹಿಡಿದು ಹೋಗಬೇಕಾದ್ದು ಬೆಂಗಳೂರು ದಕ್ಷಿಣ ನಗರ ಪಾಲಿಕೆಗೆ.