ಪ್ರಸಾದನಿಲಯದ ಮಕ್ಕಳಿಗೆ ಇನ್ನೊಂದು ದಾಸೋಹ

ಓದುವ ಮಕ್ಕಳಿಗೆ ಅನ್ನ, ಆಶ್ರಯ ನೀಡುವುದರಲ್ಲಿ ನಮ್ಮ ಸಮಾಜವು ಎಂದೂ ಹಿಂದುಳಿದಿಲ್ಲ. 1904ರಲ್ಲಿ ಧಾರವಾಡದಲ್ಲಿ ಜರುಗಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರಾಗಿದ್ದ ಶಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳಿಗಾಗಿ ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಜನ್ಮತಾಳಿತು. ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದವರು ಇಂದು ನಮ್ಮ ಎಷ್ಟೋ ಮನೆಗಳ ಹಿರಿಯರು.

ಆದರೆ ಮನೆತನದಲ್ಲಿಯೇ ಮೊದಲಿಗರಾಗಿ ವಿಶ್ವವಿದ್ಯಾಲಯದ ಮೆಟ್ಟಿಲೇರಿ ಬಿ.ಕಾಂ., ಎಂ.ಬಿ.ಎ. ಓದುತ್ತಿರುವವರಿಗೆ ಬೇರೊಂದು ಕೊರತೆಯಿದೆ. ಪದವಿಯ ಮುಂದೆ ದಾರಿ ಯಾವುದೆಂದು ಹೇಳಬಲ್ಲವರು ಮನೆಯಲ್ಲಿ ಯಾರೂ ಇಲ್ಲ. ಲೆಕ್ಕಪರಿಶೋಧಕರಾಗಲು ಮಾಡಬೇಕಾದ ಆರ್ಟಿಕಲ್‌ಶಿಪ್ 2023ರ ಹೊಸ ಪದ್ಧತಿಯಲ್ಲಿ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ ಎಂಬುದನ್ನು ಹಳ್ಳಿಯ ತಂದೆಗೆ ಯಾರು ತಿಳಿಸಬೇಕು? ಎಂ.ಬಿ.ಎ. ಓದುವವರು ಕಂಪನಿಯೊಂದರಲ್ಲಿ ಕೆಲವು ವಾರ ತರಬೇತಿ ಪಡೆಯಬೇಕಾಗುತ್ತದೆ. ಪರಿಚಯವುಳ್ಳವರ ಮಕ್ಕಳು ಅಲ್ಲಿ ಕೆಲಸ ಕಲಿಯುತ್ತಾರೆ. ಉಳಿದವರಲ್ಲಿ ಹಲವರು ಪ್ರಮಾಣಪತ್ರವನ್ನಷ್ಟೇ ಬರೆಸಿಕೊಂಡು ಬರುತ್ತಾರೆ.

ಹಾಗೆಂದು ನಾವು ವಶೀಲಿಯನ್ನು ಬೇಡುತ್ತಿಲ್ಲ. ಅನುಭವಿಗಳು ತಿಂಗಳಿಗೆ ಎರಡು ಗಂಟೆ ಪ್ರಸಾದನಿಲಯದಲ್ಲಿ ಮಕ್ಕಳೊಡನೆ ಕುಳಿತರೆ ಸಾಕು. ಕಲ್ಲಿನ ಮೇಲೆ ಹೆಸರು ಕೆತ್ತಿಸುವ ದಾನಿಗಳು ನಮ್ಮಲ್ಲಿ ಬಹಳ. ವೇಳೆ ಕೊಡುವವರು ವಿರಳ. ಈ ಮಾತು ನಮಗೂ ಸಲ್ಲುತ್ತದೆ.

ನಾವು ಬಲ್ಲ ವಿದ್ಯಾರ್ಥಿನಿಯೊಬ್ಬಳ ತಂದೆ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಮಾರುವ ರೈತರು. ಸಂದರ್ಶನದಲ್ಲಿ ‘ವ್ಯವಹಾರದ ಅನುಭವವಿದೆಯೇ?’ ಎಂದು ಕೇಳಿದಾಗ ಆಕೆ ‘ಇಲ್ಲ’ ಎಂದು ತಲೆತಗ್ಗಿಸಿ ಹೊರಬಂದಳು. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಮನೆಯ ವಿಷಯ ವಿಚಾರಿಸುತ್ತ ಹೋದಂತೆ ಬೇರೆಯೇ ಸಂಗತಿ ಹೊರಬಿತ್ತು. ಏಳನೆಯ ಇಯತ್ತೆಯಿಂದ ದಲಾಲರ ಪಟ್ಟಿಯನ್ನು ಓದಿ ತೂಕ, ದರ, ಮುಂಗಡದ ಕಡಿತಗಳನ್ನು ತಾಳೆ ನೋಡುತ್ತಿದ್ದವಳು ಆಕೆಯೇ! ಒಮ್ಮೆ ಬಡ್ಡಿಯ ಲೆಕ್ಕದಲ್ಲಿ ತಪ್ಪು ಹಿಡಿದು ಹಣ ಮರಳಿ ಪಡೆದಿದ್ದಳು. ‘ತಂಗಿ, ಇದು ಅನುಭವವಲ್ಲದೆ ಮತ್ತೇನವ್ವಾ? ಇದನ್ನೇ ಹೇಳು’ ಎಂದರು ಆ ಹಿರಿಯರು. ಮುಂದಿನ ಸಂದರ್ಶನದಲ್ಲಿಯೂ ಕೆಲಸ ದೊರೆಯಲಿಲ್ಲ, ಮೂರನೆಯದರಲ್ಲಿ ದೊರೆಯಿತು.

ಆಕೆಯ ತಂದೆ ಕಾಯಿ, ಹಣ್ಣು ಹಿಡಿದುಕೊಂಡು ಬಂದು, ‘ನಿಮ್ಮ ಋಣ ಹೇಗೆ ತೀರಿಸಲಿ ಯಜಮಾನರೇ?’ ಎಂದು ಕೇಳಿದರು. ‘ಈ ವರ್ಷದ ಪಟ್ಟಿಯೊಂದನ್ನು ತಂದು ತೋರಿಸಿರಿ ಗೌಡ್ರೇ. ನಲವತ್ತು ವರ್ಷ ಸಾಲ ಕೊಟ್ಟರೂ ಅದನ್ನು ಓದಲು ನಾನು ಕಲಿತಿಲ್ಲ’ ಎಂದರು ಹಿರಿಯರು.