ಮಲಗುಂಡಿ ತ್ಯಾಜ್ಯ ಸಾಗಣೆ ವಾಹನಗಳು ಹಾಗೂ ಸಂಚಾರಿ ಶೌಚಾಲಯಗಳು: ಮಾಲೀಕರು ಪಾಲಿಸಬೇಕಾದ ಸುರಕ್ಷತಾ ನಿಯಮಗಳು

ಮಲಗುಂಡಿ ತ್ಯಾಜ್ಯವನ್ನು ಹೀರಿ ಸಾಗಿಸುವ ಸಕ್ಕಿಂಗ್ ಯಂತ್ರದ ವಾಹನಗಳನ್ನು ಹಾಗೂ ಬಾಡಿಗೆಗೆ ನೀಡುವ ಸಂಚಾರಿ ಶೌಚಾಲಯಗಳನ್ನು ನಡೆಸಲಿಚ್ಛಿಸುವವರು ಮೋಟಾರು ವಾಹನಗಳ ಕಾಯ್ದೆ 1988ರ ಉಪಬಂಧಗಳನ್ನು ಪಾಲಿಸತಕ್ಕದ್ದು. ಅರ್ಜಿದಾರರ ಅನುಕೂಲಕ್ಕಾಗಿ ಮುಖ್ಯಾಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಅಗತ್ಯ ದಾಖಲೆಗಳು

1. ನೋಂದಣಿ: ಕಾಯ್ದೆಯ ವ್ಯಾಖ್ಯೆಯಂತೆ ಟ್ರೇಲರ್ ಸಹ ಮೋಟಾರು ವಾಹನವಾಗಿರುತ್ತದೆ. ಆದುದರಿಂದ ಶೌಚಾಲಯ ಅಳವಡಿಸಿದ ಟ್ರೇಲರಿಗೂ ನೋಂದಣಿ ಅಗತ್ಯ. ಈಗಾಗಲೇ ನೋಂದಣಿಯಾದ ಲಾರಿಗೆ ಟ್ಯಾಂಕ್ ಅಳವಡಿಸುವುದು ಕಲಂ 52ರನ್ವಯ ಮಾರ್ಪಾಡು ಎನಿಸುವುದರಿಂದ ನೋಂದಣಿ ಪ್ರಾಧಿಕಾರದ ಅನುಮೋದನೆ ಪಡೆಯಬೇಕು.
2. ಅರ್ಹತಾ ಪತ್ರ: ಹೊಸ ಸಾರಿಗೆ ವಾಹನಕ್ಕೆ 2 ವರ್ಷ, ತದನಂತರ 8 ವರ್ಷದವರೆಗಿನ ವಾಹನಕ್ಕೆ 2 ವರ್ಷಕ್ಕೊಮ್ಮೆ, ಅದಕ್ಕೂ ಹಳೆಯದಕ್ಕೆ ಪ್ರತಿ ವರ್ಷ ನವೀಕರಣ.
3. ರಹದಾರಿ: ಒಟ್ಟು ಭಾರ 3000 ಕಿ.ಗ್ರಾಂ. ಮೀರಿದ ಸರಕು ವಾಹನಕ್ಕೆ ಕಡ್ಡಾಯ.
4. ಚಾಲನಾ ಅನುಜ್ಞಾಪತ್ರ: ಸರ್ವೋಚ್ಚ ನ್ಯಾಯಾಲಯದ ನವೆಂಬರ್ 2024ರ ತೀರ್ಪಿನಂತೆ ಲಘು ಮೋಟಾರು ವಾಹನದ ಅನುಜ್ಞಾಪತ್ರ ಹೊಂದಿರುವವರು 7500 ಕಿ.ಗ್ರಾಂ. ಒಟ್ಟು ಭಾರದವರೆಗಿನ ಸಾರಿಗೆ ವಾಹನ ಚಲಾಯಿಸಬಹುದು. ಇದಕ್ಕಿಂತ ಭಾರವಾದ ವಾಹನಕ್ಕೆ ಪ್ರತ್ಯೇಕ ಅನುಜ್ಞಾಪತ್ರ ಬೇಕು.
5. ಚಾಲ್ತಿಯಲ್ಲಿರುವ ವಿಮೆ ಹಾಗೂ ವಾಯುಮಾಲಿನ್ಯ ತಪಾಸಣಾ ಪ್ರಮಾಣ ಪತ್ರ.

ಭಾರದ ಲೆಕ್ಕ

ಟ್ಯಾಂಕಿನ ಸಾಮರ್ಥ್ಯವೇ ವಾಹನದ ಸಾಮರ್ಥ್ಯವೆಂದು ಭಾವಿಸತಕ್ಕದ್ದಲ್ಲ. ಒಂದು ಲೀಟರ್ ತ್ಯಾಜ್ಯದ ತೂಕ ಸುಮಾರು ಒಂದು ಕಿ.ಗ್ರಾಂ. ಉದಾಹರಣೆಗೆ, ನೋಂದಾಯಿತ ಒಟ್ಟು ಭಾರ 7500 ಕಿ.ಗ್ರಾಂ., ಟ್ಯಾಂಕ್ ಮತ್ತು ಪಂಪ್ ಸೇರಿ ಖಾಲಿ ತೂಕ 4100 ಕಿ.ಗ್ರಾಂ., ಸಿಬ್ಬಂದಿ ಹಾಗೂ ಉಪಕರಣ 300 ಕಿ.ಗ್ರಾಂ. ಆದಲ್ಲಿ, ಉಳಿಯುವುದು 3100 ಕಿ.ಗ್ರಾಂ. ಮಾತ್ರ. 4000 ಲೀಟರ್ ಟ್ಯಾಂಕನ್ನು ಪೂರ್ತಿ ತುಂಬಿಸಿದರೆ 900 ಕಿ.ಗ್ರಾಂ. ಅಧಿಕ ಭಾರವಾಗುತ್ತದೆ.

ಅಧಿಕ ಭಾರಕ್ಕೆ ಕಲಂ 194ರನ್ವಯ ರೂ. 20,000 ದಂಡವಿದ್ದು, ಹೆಚ್ಚುವರಿ ಪ್ರತಿ ಟನ್ನಿಗೆ ರೂ. 2,000 ಸೇರುತ್ತದೆ. ಹೆಚ್ಚುವರಿ ಭಾರ ಇಳಿಸದ ಹೊರತು ವಾಹನ ಮುಂದಕ್ಕೆ ಚಲಿಸುವಂತಿಲ್ಲ. ಇತರೆ ಸರಕಿನಂತೆ ಈ ತ್ಯಾಜ್ಯವನ್ನು ರಸ್ತೆಬದಿಯಲ್ಲಿ ಇಳಿಸಲು ಸಾಧ್ಯವಿಲ್ಲವಾದ್ದರಿಂದ, ತುಂಬಿಸುವಾಗಲೇ ಮಿತಿ ಪಾಲಿಸುವುದೊಂದೇ ಮಾರ್ಗ. ಆದರೆ ಅರ್ಧ ತುಂಬಿದ ಟ್ಯಾಂಕಿನಲ್ಲಿ ದ್ರವವು ತಿರುವುಗಳಲ್ಲಿ ಒಂದೆಡೆಗೆ ನುಗ್ಗಿ ವಾಹನ ಮಗುಚುವ ಸಂಭವವಿರುತ್ತದೆ. ಆದ್ದರಿಂದ ವಾಹನದ ಭಾರಮಿತಿಗೆ ಹೊಂದುವ ಅಳತೆಯ, ಒಳಗೆ ಅಡ್ಡತಡೆ ಹಲಗೆಗಳಿರುವ ಟ್ಯಾಂಕನ್ನೇ ಆರಿಸುವುದು ಸೂಕ್ತ.

ಸಂಚಾರದ ವೇಳೆ

ಪ್ರತಿಫಲಕ ಪಟ್ಟಿಗಳು ಮುಂಭಾಗದಲ್ಲಿ ಬಿಳಿ, ಪಕ್ಕಗಳಲ್ಲಿ ಹಳದಿ, ಹಿಂಭಾಗದಲ್ಲಿ ಕೆಂಪು ಇರತಕ್ಕದ್ದು. ಹೊರಡುವ ಮುನ್ನ ಕವಾಟ, ಕೊಳವೆ ಹಾಗೂ ಟ್ರೇಲರ್ ಕೊಂಡಿಯನ್ನು ಪರೀಕ್ಷಿಸಬೇಕು. ಸಂಚಾರಿ ಶೌಚಾಲಯ ಚಲಿಸುತ್ತಿರುವಾಗ ಅದರೊಳಗೆ ಯಾರೂ ಇರಕೂಡದು.

ಕಾರ್ಮಿಕರ ಸುರಕ್ಷತೆ

ಮಲಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್‌ನಂತಹ ವಿಷಾನಿಲವಿದ್ದು, ಕ್ಷಣಾರ್ಧದಲ್ಲಿ ಪ್ರಾಣಹಾನಿ ಸಂಭವಿಸಬಹುದು. ಕೊಳವೆ ಕಟ್ಟಿಕೊಂಡಿತೆಂದು ಯಾರನ್ನೂ ಗುಂಡಿಗೆ ಇಳಿಸತಕ್ಕದ್ದಲ್ಲ. ಅಪಾಯಕಾರಿ ಶುಚಿಗೊಳಿಸುವಿಕೆಗೆ ಕಾರ್ಮಿಕರನ್ನು ತೊಡಗಿಸುವುದನ್ನು ಮ್ಯಾನ್ಯುಯಲ್ ಸ್ಕ್ಯಾವೆಂಜರ್‌ಗಳ ನೇಮಕಾತಿ ನಿಷೇಧ ಮತ್ತು ಅವರ ಪುನರ್ವಸತಿ ಕಾಯ್ದೆ 2013 ನಿಷೇಧಿಸಿದೆ. ಮೊದಲ ಅಪರಾಧಕ್ಕೆ 2 ವರ್ಷದವರೆಗೆ ಕಾರಾವಾಸ, ಅಥವಾ ರೂ. 2 ಲಕ್ಷದವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ನೋಂದಣಿ, ಅರ್ಹತಾ ಪತ್ರ ಮತ್ತು ರಹದಾರಿಯ ಕುರಿತು ಹೆಚ್ಚಿನ ಮಾಹಿತಿಗಾಗಿ ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯನ್ನು, ತ್ಯಾಜ್ಯ ವಿಲೇವಾರಿ ಸ್ಥಳದ ಕುರಿತು ಸ್ಥಳೀಯ ಸಂಸ್ಥೆಯನ್ನು ಸಂಪರ್ಕಿಸಲು ಕೋರಿದೆ.