ಫಿಷಿಂಗ್ ಎಂಬ ಗಾಳ

ಗಾಳ ಹಾಕುವವನು ಮೀನನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ಕೊಕ್ಕೆಗೆ ಎರೆಹುಳುವನ್ನು ಸಿಕ್ಕಿಸಿ ದಡದಲ್ಲಿ ಕಾದು ಕುಳಿತಿರುತ್ತಾನೆ. ಮೀನು ತಾನಾಗಿಯೇ ಬಂದು ಕಚ್ಚುವುದು. ಪರರ ಗುಪ್ತಪದವನ್ನು ಅಪಹರಿಸುವ ವಿದ್ಯೆಗೆ ‘ಫಿಷಿಂಗ್’ ಎಂಬ ಹೆಸರು ಬಂದುದು ಈ ಸಾದೃಶ್ಯದಿಂದಲೇ. 1990ರ ದಶಕದಲ್ಲಿ ಅಮೆರಿಕ ಆನ್‌ಲೈನ್ ಎಂಬ ಸಂಸ್ಥೆಯ ಚಂದಾದಾರರಿಗೆ, ಸಂಸ್ಥೆಯ ನೌಕರರೆಂದು ಹೇಳಿಕೊಂಡ ವಂಚಕರು ಸಂದೇಶ ಕಳುಹಿಸಿ ಅವರ ಗುಪ್ತಪದಗಳನ್ನು ಕೇಳಿ ಪಡೆಯುತ್ತಿದ್ದರು. ಅಲ್ಲಿಂದೀಚೆಗೆ ಉಪಕರಣಗಳು ಬದಲಾಗಿವೆ, ಉಪಾಯ ಬದಲಾಗಿಲ್ಲ.

ಅರಿಯದವರು ಮಾತ್ರ ಈ ಗಾಳಕ್ಕೆ ಸಿಕ್ಕುವರೆಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಇದು ಸರಿಯಲ್ಲವೆಂಬುದಕ್ಕೆ 2020ರ ಜುಲೈ 15ರಂದು ಟ್ವಿಟರ್ ಸಂಸ್ಥೆಯಲ್ಲಿ ನಡೆದ ಪ್ರಸಂಗವೇ ಸಾಕ್ಷಿ. ವಂಚಕರು ಆ ಸಂಸ್ಥೆಯ ನೌಕರರಿಗೇ ದೂರವಾಣಿ ಮಾಡಿ, ತಾವು ಅದೇ ಸಂಸ್ಥೆಯ ತಾಂತ್ರಿಕ ವಿಭಾಗದವರೆಂದು ನಂಬಿಸಿ, ನಿಜವಾದುದನ್ನೇ ಹೋಲುವ ಸುಳ್ಳು ಪುಟವೊಂದಕ್ಕೆ ಅವರನ್ನು ಕರೆದೊಯ್ದರು. ನೌಕರರು ಅಲ್ಲಿ ಬರೆದ ಗುಪ್ತಪದವನ್ನು ವಂಚಕರು ಆ ಕ್ಷಣದಲ್ಲಿಯೇ ನಿಜವಾದ ಪುಟದಲ್ಲಿ ತುಂಬಿದರು. ಪ್ರವೇಶಿಸುತ್ತಿರುವವರು ತಾವೇ ಹೌದೋ ಎಂಬ ಎರಡನೆಯ ಹಂತದ ಪ್ರಶ್ನೆ ಬಂದಾಗ ಕೆಲವರು ಹೌದೆಂದುಬಿಟ್ಟರು. 130 ಖಾತೆಗಳು ಗುರಿಯಾದವು. ಒಬಾಮ, ಬಿಲ್ ಗೇಟ್ಸ್ ಮೊದಲಾದವರ ಹೆಸರಿನಲ್ಲಿ ಬಿಟ್‌ಕಾಯಿನ್ ಬೇಡಿ ಒಂದು ಲಕ್ಷ ಡಾಲರಿಗೂ ಮಿಕ್ಕ ಹಣವನ್ನು ದೋಚಿದರು. ಬಂಧಿತರಲ್ಲಿ ಒಬ್ಬನು 17 ವರ್ಷದ ಹುಡುಗ! ಇಲ್ಲಿ ಬೀಗವನ್ನು ಯಾರೂ ಮುರಿಯಲಿಲ್ಲ. ಕಾವಲಿನವರೇ ಕೀಲಿಕೈ ಕೊಟ್ಟರು.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲನೆಯದಾಗಿ, ವಿಳಾಸವನ್ನು ಓದಲು ಕಲಿಯಬೇಕು. ಅಂಚೆಯ ಲಕೋಟೆಯಲ್ಲಿ ಹಳ್ಳಿ, ತಾಲ್ಲೂಕು, ಜಿಲ್ಲೆ ಎಂಬ ಕ್ರಮವಿರುವಂತೆ ಅಂತರಜಾಲದ ವಿಳಾಸದಲ್ಲಿಯೂ, ಮೊದಲ ಓರೆಗೆರೆಗೆ ಮುಂಚೆ, ಹಿರಿಯ ಹೆಸರು ಕೊನೆಗೆ ಬರುವುದು. ‘ಇನ್‌ಸ್ಟಾಗ್ರಾಂ.ಸಹಾಯ.ಕಾಂ’ ಎಂದಿದ್ದರೆ ಅದರ ಒಡೆತನ ಇನ್‌ಸ್ಟಾಗ್ರಾಂನದಲ್ಲ, ‘ಸಹಾಯ.ಕಾಂ’ ಎಂಬ ಹೆಸರನ್ನು ಕೊಂಡವನದು. ಎರಡನೆಯದಾಗಿ, ‘24 ಗಂಟೆಯೊಳಗೆ ಖಾತೆ ರದ್ದಾಗುವುದು’ ಎಂಬ ಬೆದರಿಕೆ ಬಂದರೆ ಅದರಲ್ಲಿರುವ ಕೊಂಡಿಯನ್ನು ಒತ್ತದೆ, ನಾವೇ ನೇರವಾಗಿ ಆ್ಯಪ್ ತೆರೆದು ನೋಡಬೇಕು. ಮೂರನೆಯದಾಗಿ, ವಾಟ್ಸ್‌ಆ್ಯಪ್ ಕಳುಹಿಸುವ 6 ಅಂಕಿಗಳ ಸಂಕೇತವನ್ನು ಆಪ್ತಮಿತ್ರನೇ ಕೇಳಿದರೂ ಕೊಡಬಾರದು. ಕೇಳುತ್ತಿರುವವನು ಮಿತ್ರನಲ್ಲ, ಅವನ ಖಾತೆಯನ್ನು ಕದ್ದವನಿರಬಹುದು. ನಾಲ್ಕನೆಯದಾಗಿ, ಎರಡು ಹಂತದ ಪರಿಶೀಲನೆಯನ್ನು ಎಲ್ಲ ಖಾತೆಗಳಿಗೂ ಅಳವಡಿಸಬೇಕು. ಸಾಧ್ಯವಿರುವೆಡೆ ‘ಪಾಸ್‌ಕೀ’ ಇನ್ನೂ ಮೇಲು: ಅದು ತಾಣದ ಹೆಸರನ್ನು ತಾನೇ ಸರಿನೋಡುವುದರಿಂದ ಸುಳ್ಳು ಪುಟದಲ್ಲಿ ಕೆಲಸ ಮಾಡುವುದಿಲ್ಲ.

ಇಷ್ಟರ ಮೇಲೂ ಖಾತೆ ಕೈತಪ್ಪಿದರೆ ನಾಚಿಕೆಯಿಂದ ಮುಚ್ಚಿಡಬಾರದು. ಮಿತ್ರರಿಗೆ ಬೇರೆ ದಾರಿಯಿಂದ ಕೂಡಲೇ ತಿಳಿಸಬೇಕು. ಹಣ ಹೋಗಿದ್ದರೆ 1930 ಸಂಖ್ಯೆಗೆ ಕರೆಮಾಡಬೇಕು. ಕಂಪ್ಯೂಟರಿನ ಮೂಲಕ ಸೋಗು ಹಾಕಿ ವಂಚಿಸುವವರಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ವಿಧಿಯಂತೆ 3 ವರ್ಷಗಳವರೆಗೆ ಸೆರೆವಾಸವೂ 1 ಲಕ್ಷ ರೂಪಾಯಿಗಳವರೆಗೆ ದಂಡವೂ ಉಂಟು. ಆದರೆ ಕಳೆದುಹೋದ ವಿಶ್ವಾಸವನ್ನು ಯಾವ ಶಿಕ್ಷೆಯೂ ಮರಳಿ ತರಲಾರದು. ಕದ್ದ ಖಾತೆಯಿಂದ ‘ತುರ್ತಾಗಿ ಹಣ ಬೇಕು’ ಎಂಬ ಬೇಡಿಕೆ ಹೊರಟಾಗ ಅದು ತಲುಪುವುದು ನಮ್ಮನ್ನು ನಂಬಿದವರಿಗೆ; ನಮ್ಮ ಹೆಸರನ್ನು ನೋಡಿಯೇ ಅವರು ಹಣ ಕಳುಹಿಸುವರು. ಆದುದರಿಂದ ನಮ್ಮ ಗುಪ್ತಪದವನ್ನು ಕಾಯುವುದು ನಮ್ಮೊಬ್ಬರ ಕೆಲಸವೆಂದು ತಿಳಿಯಲಾಗದು; ಅದು ನೆಂಟರಿಷ್ಟರಿಗೆ ನಾವು ಸಲ್ಲಿಸಬೇಕಾದ ಋಣವೂ ಹೌದು.